ಎಲ್ಲದಕ್ಕೂ ‘ಟೆನ್ಷನ್’ ಅಂದರೆ ಹೇಗೆ? ಸಾಂಕ್ರಾಮಿಕ ಕಾಲದ ಕೆಲಸ, ಒತ್ತಡ, ಭಾವನಾತ್ಮಕ ಬುದ್ಧಿವಂತಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ಜನರ ತಂಡ ನೋಡಿಕೊಳ್ಳುತ್ತಿದ್ದೆ. ಮೊದಲ ವಾರ ಎಲ್ಲರೂ ಖುಷಿಯಲ್ಲೇ ಇದ್ದೆವು, ಸಿಲ್ಕ್ ಬೋರ್ಡ್ ದಾಟುವ ಕರ್ಮ ತಪ್ಪಿತಲ್ಲ ಅಂತ. ಮೂರನೇ ವಾರಕ್ಕೆ ಫೋನುಗಳು ಬರತೊಡಗಿದವು. ಆಗಿನಿಂದ ಸಹೋದ್ಯೋಗಿಗಳು, ಅವರ ಮನೆಯವರು, ಆಮೇಲೆ ತರಬೇತಿಗಳಲ್ಲಿ ಸಿಕ್ಕವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರಲ್ಲ. ಓದಿ ತಿಳಿದದ್ದು ಸ್ವಲ್ಪ, ಎಡವಿ ಕಲಿತದ್ದು ಜಾಸ್ತಿ.

ಭಾವನಾತ್ಮಕ ಬುದ್ಧಿವಂತಿಕೆ ಅಂದರೇನು? ಸಮಾಧಾನದ ಸ್ವಭಾವ ಅಂತಲೇ?

ಅಲ್ಲ. ಸಮಾಧಾನಿಗಳು ಅನ್ನಿಸಿಕೊಂಡವರಲ್ಲಿ ಎಷ್ಟೋ ಜನ ತಮಗೇನಾಗುತ್ತಿದೆ ಅಂತ ತಮಗೇ ಗೊತ್ತಿಲ್ಲದೆ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿರುತ್ತಾರೆ. ಈ ಪದಕ್ಕೆ ಶಾಸ್ತ್ರದ ಚೌಕಟ್ಟು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್, 1990ರಲ್ಲಿ. ಐದು ವರ್ಷದ ನಂತರ ಲೇಖಕ ಡೇನಿಯಲ್ ಗೋಲ್‌ಮನ್ ಅದನ್ನು ಜನಪ್ರಿಯಗೊಳಿಸಿದರು. ಅಲ್ಲಿಂದ ಅದು ಕಂಪನಿಗಳ ತರಬೇತಿ ಕೋಣೆಗೆ ಬಂದು ಸೇರಿತು, ಬರುವ ದಾರಿಯಲ್ಲಿ ಒಂದಿಷ್ಟು ಸವೆದೂ ಹೋಯಿತು.

ಸಲೋವೆ ಮತ್ತು ಮೇಯರ್ ನಾಲ್ಕು ಕೌಶಲಗಳನ್ನು ಹೇಳುತ್ತಾರೆ. ಭಾವನೆಯನ್ನು ಗುರುತಿಸುವುದು, ಯೋಚನೆಗೆ ಅದರ ನೆರವು ಪಡೆಯುವುದು, ಅದು ಎಲ್ಲಿಂದ ಬಂತು, ಎತ್ತ ಹೊರಟಿದೆ ಅಂತ ಅರ್ಥ ಮಾಡಿಕೊಳ್ಳುವುದು, ಕೊನೆಗೆ ನಿಭಾಯಿಸುವುದು. ನಮ್ಮ ಆಫೀಸುಗಳಲ್ಲಿ ಮೊದಲ ಮೂರನ್ನು ಹಾರಿಸಿ ಸೀದಾ ನಾಲ್ಕನೆಯದಕ್ಕೆ ಬರುತ್ತೇವೆ. “ಸ್ವಲ್ಪ ಮ್ಯಾನೇಜ್ ಮಾಡ್ಕೊಳ್ರಿ.” ಏನನ್ನು ಅಂತ ಯಾರೂ ಕೇಳುವುದಿಲ್ಲ.

ಕೇಳಿದರೂ ಸಿಗುವುದು ಎರಡೇ ಉತ್ತರ: ಟೆನ್ಷನ್, ಇಲ್ಲವೇ ಬೇಜಾರು. ಅಪ್ಪನಿಗೆ ಆಕ್ಸಿಜನ್ ಬೆಡ್ ಸಿಗದಿದ್ದರೂ ಟೆನ್ಷನ್, ಮೀಟಿಂಗ್ ನಡುವೆ ಕುಕ್ಕರ್ ಸೀಟಿ ಹೊಡೆದರೂ ಟೆನ್ಷನ್. ಗೆಳೆಯ ಸತ್ತರೂ ಬೇಜಾರು, ಭಾನುವಾರ ಸಂಜೆ ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಕನ್ನಡದಲ್ಲಿ ಪದಗಳಿಗೇನು ಬರವೇ? ದಿಗಿಲು, ಕಳವಳ, ಅಳುಕು, ತಳಮಳ, ಮುಜುಗರ, ಕಸಿವಿಸಿ, ದುಗುಡ, ಸಂಕಟ, ಹತಾಶೆ, ಹೊಟ್ಟೆಕಿಚ್ಚು. ನಮ್ಮಜ್ಜಿ ಇವನ್ನೆಲ್ಲ ಒಂದೇ ದಿನದಲ್ಲಿ ಬಳಸುತ್ತಿದ್ದಳು, ಒಂದನ್ನು ಇನ್ನೊಂದರ ಜಾಗದಲ್ಲಿ ಇಡುತ್ತಿರಲಿಲ್ಲ. ನಾವು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಮೇಲೆ ‘ಟೆನ್ಷನ್’ ಅಂತ ಚೀಟಿ ಅಂಟಿಸಿದ್ದೇವೆ. ನನ್ನ ಲೆಕ್ಕದಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಮುಕ್ಕಾಲು ಪಾಲು ಆ ಡಬ್ಬಿಯ ಮುಚ್ಚಳ ತೆಗೆದು ನೋಡುವುದರಲ್ಲೇ ಇದೆ.

ಹೆಸರಿಟ್ಟ ಮಾತ್ರಕ್ಕೆ ಒತ್ತಡ ಹೋಗಿಬಿಡುತ್ತಾ ಮೇಡಂ?

ಹೋಗುವುದಿಲ್ಲ, ಸ್ವಲ್ಪ ಇಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸ್ಕ್ಯಾನರಿನಲ್ಲಿ ಮಲಗಿದವರಿಗೆ ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಹೊಂದುವ ಪದ ಆರಿಸಲು ಹೇಳಿದರು. ಪದ ಆರಿಸಿದಾಗ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಲಾಭ ಬೇರೆ. ಸರಿಯಾದ ಹೆಸರು ಸಿಕ್ಕರೆ ಏನು ಕೇಳಬೇಕೆಂದು ತಿಳಿಯುತ್ತದೆ. ನಮ್ಮ ತಂಡದಲ್ಲಿ ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿ ಏಪ್ರಿಲ್‌ನಲ್ಲಿ ಫೋನ್ ಮಾಡಿ, “ಅಕ್ಕಾ, ದಿನಾ ಬೆಳಗ್ಗೆ ಟೆನ್ಷನ್ ಆಗುತ್ತೆ, ಕೆಲಸಾನೇ ಬಿಟ್ಬಿಡೋಣ ಅನ್ಸುತ್ತೆ” ಅಂದಳು. ನಾನು ಕೆಲಸದ ಹೊರೆ ಅಂದುಕೊಂಡು ಅವಳ ಪಾಲಿನ ಎರಡು ಮಾಡ್ಯೂಲ್ (ಸಾಫ್ಟ್‌ವೇರಿನ ಭಾಗಗಳು) ಬೇರೆಯವರಿಗೆ ಕೊಟ್ಟೆ. ಏನೂ ಬದಲಾಗಲಿಲ್ಲ. ಮುಂದಿನ ವಾರ ಅರ್ಧ ಗಂಟೆ ಮಾತಾಡಿದ ಮೇಲೆ ಗೊತ್ತಾದದ್ದು ಇಷ್ಟು: ಅವರದು ಲಗ್ಗೆರೆಯಲ್ಲಿ ಒಂದೂವರೆ ರೂಮಿನ ಮನೆ. ಕ್ಯಾಮೆರಾ ಆನ್ ಮಾಡಿದರೆ ಹಿಂದೆ ಪಾತ್ರೆ ಸ್ಟ್ಯಾಂಡು, ಒಣಗಲು ಹಾಕಿದ ಬಟ್ಟೆ, ಬನಿಯನ್ನಿನಲ್ಲಿ ಕೂತ ಅಪ್ಪ. ಅವಳಿಗೆ ಆಗುತ್ತಿದ್ದುದು ಮುಜುಗರ. ಬೆಳಗಿನ ಮೀಟಿಂಗಿಗೆ ಯಾರಿಗೂ ಕ್ಯಾಮೆರಾ ಕಡ್ಡಾಯವಲ್ಲ ಅಂತ ಮಾಡಿದೆ. ಖರ್ಚು ಸೊನ್ನೆ. ಕೊಟ್ಟಿದ್ದ ಎರಡು ಮಾಡ್ಯೂಲನ್ನೂ ಅವಳೇ ವಾಪಸ್ ಕೇಳಿ ತೆಗೆದುಕೊಂಡಳು.

ಹಾಗೆಯೇ ದಿಗಿಲಿಗೆ ಬೇಕಾದದ್ದು ಮಾಹಿತಿ: ಸಂಬಳ ಕಡಿತ ಇದೆಯೋ ಇಲ್ಲವೋ, ಒಂದು ಸ್ಪಷ್ಟ ಮಾತು. ದಣಿವಿಗೆ ಬೇಕಾದದ್ದು ನಿದ್ದೆ, ಅದಕ್ಕೆ ಸ್ಫೂರ್ತಿದಾಯಕ ಭಾಷಣ ಕೊಡುವುದು ಶುದ್ಧ ಕ್ರೌರ್ಯ. ಅವಮಾನಕ್ಕೆ ಬೇಕಾದದ್ದು ಕ್ಷಮೆ. ಎಲ್ಲಕ್ಕೂ ಒಂದೇ ‘ವೆಲ್‌ನೆಸ್ ವೆಬಿನಾರ್’ ಮಾಡಿದರೆ ಹೊಟ್ಟೆನೋವಿಗೂ ಹಲ್ಲುನೋವಿಗೂ ಒಂದೇ ಮುಲಾಮು ಹಚ್ಚಿದ ಹಾಗೆ.

ಒತ್ತಡ ಇದ್ದರೇನೇ ಕೆಲಸ ಆಗೋದು ಅಂತಾರೆ ನಮ್ಮ ಮ್ಯಾನೇಜರ್. ನಿಜವೇ?

ಅರ್ಧ ನಿಜ. ಈ ಮಾತಿನ ಬೇರು 1908ರಲ್ಲಿ ಯರ್ಕಿಸ್ ಮತ್ತು ಡಾಡ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿದೆ. ಸುಲಭದ ಪಾಠವನ್ನು ಇಲಿಗಳು ಕರೆಂಟಿನ ಪೆಟ್ಟು ಜೋರಾದಷ್ಟೂ ಬೇಗ ಕಲಿತವು. ಪಾಠ ಕಷ್ಟವಾದಾಗ ಪೆಟ್ಟು ಒಂದು ಮಿತಿ ದಾಟಿದರೆ ಕಲಿಕೆ ನಿಧಾನವಾಯಿತು. ಅಂದರೆ ಮ್ಯಾನೇಜರರ ಸೂತ್ರ ಲಕೋಟೆಗೆ ಅಂಚೆಚೀಟಿ ಅಂಟಿಸುವ ಕೆಲಸಕ್ಕೆ ಹೊಂದೀತು. ಕೋಡ್ ಬರೆಯಲು, ಪಾಠ ಮಾಡಲು, ರೋಗಿಗೆ ಔಷಧದ ಲೆಕ್ಕ ಹಾಕಲು ಹೊಂದುವುದಿಲ್ಲ. ಮೇಲಾಗಿ, ಆ ಇಲಿಗಳಿಗೆ ಹೋಮ್ ಲೋನ್ ಇರಲಿಲ್ಲ.

ದೇಹದ ಮಟ್ಟದಲ್ಲಿ ಹೇಳುವುದಾದರೆ, ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಸ್ರವಿಸುವುದು ಗಂಡಾಂತರ ಬಂದಾಗ ಓಡಲು, ಇಲ್ಲವೇ ಎದುರಿಸಲು. ಗಂಡಾಂತರ ಹೋದ ಮೇಲೆ ಇಳಿಯಬೇಕು. ಸಾಂಕ್ರಾಮಿಕದಲ್ಲಿ ಅದು ಹೋಗಲೇ ಇಲ್ಲ. ಟಿ.ವಿ.ಯಲ್ಲಿ ಸಂಖ್ಯೆ, ಫೋನಿನಲ್ಲಿ ಸಂಖ್ಯೆ, ಎದುರು ಮನೆ ಬಾಗಿಲಿಗೆ ಸೀಲ್‌ಡೌನ್ ಪಟ್ಟಿ. ಹಾಗೆ ತಿಂಗಳುಗಟ್ಟಲೆ ಕೆರಳಿಯೇ ಇದ್ದ ದೇಹ ಮೊದಲು ನಿದ್ದೆ ಕಳೆದುಕೊಳ್ಳುತ್ತದೆ, ಆಮೇಲೆ ಏಕಾಗ್ರತೆ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಅಂತ ಸುಮ್ಮನೆ ಹೇಳಿಲ್ಲ.

ಮನೆಯಿಂದ ಕೆಲಸ ಮಾಡುವಾಗ ಹೆಚ್ಚು ಹೊತ್ತು ಕೂತೆವು, ಆದರೂ ಕೆಲಸ ಮುಗಿಯುತ್ತಿರಲಿಲ್ಲ. ನಮ್ಮದೇ ಸೋಮಾರಿತನವೇ?

ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸುತ್ತಾರೆ. ಅದಕ್ಕೇ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಏಷ್ಯಾದ ಒಂದು ದೊಡ್ಡ ಐಟಿ ಸೇವಾ ಕಂಪನಿಯ 10,000ಕ್ಕೂ ಹೆಚ್ಚು ಉದ್ಯೋಗಿಗಳ ಕೆಲಸದ ದಾಖಲೆಗಳನ್ನು ಲಾಕ್‌ಡೌನ್‌ಗೆ ಮುಂಚೆ ಮತ್ತು ಆಮೇಲೆ ಅಂತ ಹೋಲಿಸಿ ಗಿಬ್ಸ್, ಮೆಂಗೆಲ್, ಸೀಮ್ರೋತ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಕೆಲಸದ ಅವಧಿ ಹೆಚ್ಚಿತ್ತು. ಮುಗಿಸಿದ ಕೆಲಸ ಮಾತ್ರ ತುಸು ಇಳಿದಿತ್ತು. ತಾಸಿನ ಲೆಕ್ಕದಲ್ಲಿ ಉತ್ಪಾದಕತೆ ಶೇ 8ರಿಂದ 19ರಷ್ಟು ಕುಸಿದಿತ್ತು. ಮೀಟಿಂಗುಗಳು, ಒಬ್ಬರನ್ನೊಬ್ಬರು ಹೊಂದಿಸಿಕೊಳ್ಳುವ ಓಡಾಟ ಜಾಸ್ತಿಯಾಗಿ, ಅಡ್ಡಿಯಿಲ್ಲದೆ ಕೂತು ಕೆಲಸ ಮಾಡುವ ಹೊತ್ತು ಕಡಿಮೆಯಾಗಿತ್ತು. ಮನೆಯಲ್ಲಿ ಮಕ್ಕಳಿದ್ದವರಿಗೆ ಪೆಟ್ಟು ಇನ್ನೂ ಜೋರು.

ಇದಕ್ಕೆ ತದ್ವಿರುದ್ಧದ ಫಲಿತಾಂಶವೂ ಇದೆ, ಅದನ್ನೂ ಹೇಳದಿದ್ದರೆ ಮೋಸವಾದೀತು. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ನಿಕೊಲಸ್ ಬ್ಲೂಮ್ ಮತ್ತಿತರರು ಒಂಬತ್ತು ತಿಂಗಳು ನಡೆಸಿದ ಪ್ರಯೋಗದಲ್ಲಿ ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇ 13ರಷ್ಟು ಏರಿತ್ತು. 2015ರಲ್ಲಿ ಪ್ರಕಟವಾದ ಇದನ್ನು ಸಾಂಕ್ರಾಮಿಕದ ಶುರುವಿನಲ್ಲಿ ಎಲ್ಲ ಕಂಪನಿಗಳೂ ಕಣ್ಣಿಗೊತ್ತಿಕೊಂಡವು. ಆದರೆ ಅಲ್ಲಿ ಮನೆಗೆ ಹೋದವರು ತಾವಾಗಿ ಮುಂದೆ ಬಂದವರು, ಪ್ರತ್ಯೇಕ ಕೋಣೆ ಇದ್ದವರು. ಅವರಲ್ಲೂ ಸುಮಾರು ಅರ್ಧ ಮಂದಿ ಕೊನೆಗೆ ಒಂಟಿತನ ತಾಳಲಾರದೆ ಆಫೀಸಿಗೇ ಮರಳಿದರು.

ನಮ್ಮಲ್ಲಿ ಪ್ರತ್ಯೇಕ ಕೋಣೆ ಯಾರಿಗಿತ್ತು? ಡೈನಿಂಗ್ ಟೇಬಲ್ಲಿನ ಒಂದು ತುದಿಯಲ್ಲಿ ಗಂಡನ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಮಗನ ಆನ್‌ಲೈನ್ ಕ್ಲಾಸು, ನಡುವೆ ಹೆಂಡತಿ ಸೊಪ್ಪು ಬಿಡಿಸುತ್ತಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸ್ಟೇಟಸ್ ಕಾಲ್‌ನಲ್ಲಿ. ಬೆಸ್ಕಾಂ ಕರೆಂಟ್ ತೆಗೆದರೆ ರೂಟರ್ ಸತ್ತಿತು. ಪಿಜಿಯಲ್ಲಿ ಉಳಿದ ಹುಡುಗರದು ಮಂಚದ ಮೇಲೇ ಆಫೀಸು. ಇದು ಮನೆಯಿಂದ ಮಾಡಿದ ಕೆಲಸ ಅನ್ನುವುದಕ್ಕಿಂತ, ಅನಾಹುತದ ನಡುವೆ ಮನೆಯಲ್ಲಿ ಸಿಕ್ಕಿಬಿದ್ದು ಮಾಡಿದ ಕೆಲಸ. ಅಲ್ಲಿ ಇಳುವರಿ ಕಡಿಮೆಯಾದರೆ ಅದಕ್ಕೆ ಸೋಮಾರಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ. ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಈ ಗೆರೆ ಅಳಿಸಿಹೋಯಿತು.

ವಿಡಿಯೊ ಕಾಲ್ ಮುಗಿಸಿದರೆ ಗದ್ದೆ ಉತ್ತು ಬಂದಷ್ಟು ಸುಸ್ತು. ಯಾಕೆ?

ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್‌ಸನ್ 2021ರಲ್ಲಿ ನಾಲ್ಕು ಕಾರಣ ಮುಂದಿಟ್ಟರು. ಎಲ್ಲರ ಕಣ್ಣೂ ತೀರ ಹತ್ತಿರದಿಂದ ನಿಮ್ಮನ್ನೇ ದಿಟ್ಟಿಸುವುದು, ನಿಮ್ಮ ಮುಖ ನಿಮಗೇ ದಿನವಿಡೀ ಕಾಣುವುದು, ಕೂತಲ್ಲಿಂದ ಅಲ್ಲಾಡಲಾಗದಿರುವುದು, ತಲೆಯಾಡಿಸುವಂಥ ಸಣ್ಣ ಸನ್ನೆಗೂ ಹೆಚ್ಚು ಪ್ರಯಾಸಪಡಬೇಕಾಗುವುದು. ನಿಮ್ಮ ಮುಖ ಕಾಣದಂತೆ ಮಾಡುವ ಆಯ್ಕೆ ಆ್ಯಪ್‌ನಲ್ಲೇ ಇದೆ, ಒತ್ತಿಬಿಡಿ. ಫೋನಿನಲ್ಲಿ ಮುಗಿಯುವ ಮಾತಿಗೆ ಫೋನೇ ಸಾಕು, ಮಾತಾಡುತ್ತಾ ಟೆರೇಸಿನಲ್ಲಿ ನಾಲ್ಕು ಸುತ್ತು ಹಾಕಬಹುದು.

ಇದೆಲ್ಲ ಎಸಿ ಕೋಣೆಯವರ ಸಮಸ್ಯೆ. ಗಾರ್ಮೆಂಟ್ಸ್‌ನಲ್ಲಿ ದುಡಿಯೋರಿಗೆ, ಡೆಲಿವರಿ ಹುಡುಗರಿಗೆ ಏನು ಹೇಳ್ತೀರಿ?

ತರಬೇತಿಯೊಂದರಲ್ಲಿ ಪೀಣ್ಯದ ಸೂಪರ್‌ವೈಸರ್ ಒಬ್ಬರು ಹೀಗೆ ಎದ್ದು ನಿಂತು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒತ್ತಡ ನಿಭಾಯಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು. ಸಮಸ್ಯೆಯನ್ನೇ ಬದಲಿಸುವುದು ಒಂದು, ಸಮಸ್ಯೆ ನಮ್ಮೊಳಗೆ ಎಬ್ಬಿಸುವ ಭಾವನೆಯನ್ನು ಸಂಭಾಳಿಸುವುದು ಇನ್ನೊಂದು. ಬದಲಿಸಲು ಸಾಧ್ಯವಿದ್ದಲ್ಲಿ ಮೊದಲನೆಯದು, ಸಾಧ್ಯವೇ ಇಲ್ಲದಲ್ಲಿ ಎರಡನೆಯದು ಅನ್ನುವುದು ಒಳ್ಳೆಯ ಮಾರ್ಗಸೂಚಿ. ಬಸ್ಸಿಲ್ಲದೆ ಬೊಮ್ಮನಹಳ್ಳಿಯ ಫ್ಯಾಕ್ಟರಿಗೆ ನಡೆದು ಬರುವ ಹೆಂಗಸಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದು ಎರಡನೆಯ ಬಗೆಯ ಮದ್ದು. ಅವಳ ಸಮಸ್ಯೆ ಮೊದಲನೆಯ ಬಗೆಯದು, ಅದಕ್ಕೆ ವ್ಯಾನ್ ಬೇಕು. ವ್ಯಾನ್ ಕೊಡಬೇಕಾದವರು ಭಾವನಾತ್ಮಕ ಬುದ್ಧಿವಂತಿಕೆಯ ಪಾಠ ಕೊಡಿಸಿದರೆ ನಾನಂತೂ ಅಂಥ ಪಾಠ ಹೇಳಲು ಈಗ ಹೋಗುವುದಿಲ್ಲ. ಹಿಂದೆ ಒಮ್ಮೆ ಹೋಗಿದ್ದೆ, ನಾಚಿಕೆಯಿದೆ.

ಆದರೆ ಡೆಲಿವರಿ, ನರ್ಸಿಂಗ್, ಕಾಲ್ ಸೆಂಟರ್, ಆಶಾ ಕಾರ್ಯಕರ್ತೆಯರ ಕೆಲಸ ಇವುಗಳಲ್ಲಿ ಮುಖಭಾವವೂ ದುಡಿಮೆಯ ಭಾಗ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರನ್ನು ಗಮನಿಸಿ ಇದನ್ನು ‘ಭಾವನೆಯ ದುಡಿಮೆ’ ಎಂಬರ್ಥದಲ್ಲಿ ಕರೆದರು. ಗೇಟಿನಲ್ಲೇ ನಿಲ್ಲಿಸಿ ಸ್ಯಾನಿಟೈಸರ್ ಚುಮುಕಿಸಿದ ಗಿರಾಕಿಗೂ ನಗುತ್ತಾ “ರೇಟಿಂಗ್ ಕೊಡಿ ಸರ್” ಅನ್ನಬೇಕು. ಭಾವನಾತ್ಮಕ ಬುದ್ಧಿವಂತಿಕೆಗೂ ಕೆಲಸದ ಸಾಧನೆಗೂ ನಂಟು ಎದ್ದು ಕಾಣುವುದು ಇಂಥ ಉದ್ಯೋಗಗಳಲ್ಲೇ ಅಂತ ಜೋಸೆಫ್ ಮತ್ತು ನ್ಯೂಮನ್ ಎಂಬ ಸಂಶೋಧಕರು 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಅಂದರೆ ಈ ಕೌಶಲ ಅತಿ ಹೆಚ್ಚು ಖರ್ಚಾಗುವುದು ಅತಿ ಕಡಿಮೆ ಸಂಬಳ ಸಿಗುವಲ್ಲಿ. ಇದನ್ನು ಹೇಳಿದಾಗ ಆ ಸೂಪರ್‌ವೈಸರ್ ಕೂತರು.

ಮನೆಯಲ್ಲಿ ಸಾವಾಗಿ ಬಂದ ಸಹೋದ್ಯೋಗಿಗೆ ಏನು ಹೇಳಬೇಕು?

ನಾನು ಏನು ಹೇಳಬಾರದಿತ್ತು ಅನ್ನುವುದನ್ನು ಮೊದಲು ಹೇಳುತ್ತೇನೆ. 2021ರ ಮೇ ಮೊದಲ ವಾರ, ರಾಜ್ಯದಲ್ಲಿ ದಿನವೊಂದಕ್ಕೆ 50 ಸಾವಿರ ಹೊಸ ಪ್ರಕರಣ ದಾಟಿದ ಹೊತ್ತು. ನಮ್ಮ ತಂಡದವರೊಬ್ಬರು ತಂದೆಯನ್ನು ಕಳೆದುಕೊಂಡರು. ಮೂರನೇ ದಿನ ನಾನು ಸಂದೇಶ ಕಳಿಸಿದೆ: “ಧೈರ್ಯ ತಂದುಕೊಳ್ಳಿ. ಯಾವಾಗ ಬರಬಹುದು ಅಂತ ತಿಳಿಸಿದರೆ ಪ್ಲ್ಯಾನ್ ಮಾಡಲು ಅನುಕೂಲ.” ಅವರು ಸೋಮವಾರವೇ ಲಾಗಿನ್ ಆದರು. ಚೆನ್ನಾಗಿಯೇ ಕೆಲಸ ಮಾಡಿದರು. ಆರು ತಿಂಗಳ ನಂತರ ರಾಜೀನಾಮೆ ಕೊಟ್ಟರು. ಕೊನೆಯ ದಿನ, “ಮೇಡಂ, ಅಪ್ಪನ ಮುಖಾನೂ ನೋಡಕ್ಕಾಗಲಿಲ್ಲ, ಹನ್ನೊಂದನೇ ದಿನದ ಕಾರ್ಯಾನೂ ಸರಿಯಾಗಿ ಆಗಲಿಲ್ಲ. ನಾನು ಆವತ್ತು ಕೀಲಿಮಣೆ ಕುಟ್ಟುತ್ತಿದ್ದೆ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಅಲೆಯ ಆ ಎರಡು ತಿಂಗಳಲ್ಲಿ ಸಾವಿಗಿಂತ ದೊಡ್ಡ ಗಾಯ ಮಾಡಿದ್ದು ಸಾವಿನ ಸುತ್ತ ಇರಬೇಕಾದ ಜನ, ಶಾಸ್ತ್ರ, ಅಳು, ಊಟ ಯಾವುದೂ ಇಲ್ಲದೇ ಹೋದದ್ದು. ಹಾಗೆ ಬಾಕಿ ಉಳಿದ ದುಃಖ ವರ್ಷದ ತಿಥಿಗೋ, ಯಾವುದೋ ಹಬ್ಬಕ್ಕೋ ತಟ್ಟನೆ ಎದ್ದು ಬರುತ್ತದೆ. ಆ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಆವತ್ತು ಅವರಿಗೆ ರಿಲೀಸ್ (ಸಾಫ್ಟ್‌ವೇರ್ ಬಿಡುಗಡೆ) ಕೆಲಸ ಇಡಬೇಡಿ.

ಹೇಳುವುದೇನು? “ಹೇಗಿದ್ದೀರಿ?” ಅನ್ನಬೇಡಿ, ಅದಕ್ಕೆ “ಪರವಾಗಿಲ್ಲ” ಅಂತ ಸುಳ್ಳು ಹೇಳಿಸಿದಂತಾಗುತ್ತದೆ. “ಊಟ ಆಯ್ತಾ?” ಅನ್ನಿ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಹಗುರವಾಗಿ ಒಳಗೆ ಹೋಗುವ ಪ್ರಶ್ನೆ ಇನ್ನೊಂದಿಲ್ಲ. ಮುಂದೆ ಮಾತಾಡುವುದು, ಬಿಡುವುದು ಅವರಿಗೆ ಬಿಟ್ಟದ್ದು. ತೀರಿಕೊಂಡವರ ಬಗ್ಗೆ ಅವರಾಗಿ ಮಾತೆತ್ತಿದರೆ ವಿಷಯ ಬದಲಿಸಬೇಡಿ.

ಮೀಟಿಂಗಿನಲ್ಲಿ ಸಿಟ್ಟು ನೆತ್ತಿಗೇರಿದರೆ ನುಂಗಿಕೊಳ್ಳಬೇಕೇ?

ನುಂಗಿದರೆ ಬೇರೆ ನಷ್ಟವಿದೆ. ಮುಖದಲ್ಲಿ ಏನೂ ತೋರಿಸದೆ ಅದುಮಿಟ್ಟುಕೊಳ್ಳುವವರಿಗೆ ಆ ಹೊತ್ತಿನಲ್ಲಿ ಆಡಿದ ಮಾತು ಕಡಿಮೆ ನೆನಪುಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ಹಾಗಂತ ಕೂಗಾಡಿದರೆ, ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು. “ಈ ಮಾತು ನನಗೆ ಸರಿ ಅನ್ನಿಸಲಿಲ್ಲ, ನಾಳೆ ಹತ್ತು ನಿಮಿಷ ಮಾತಾಡೋಣ” ಅಂದು ಮ್ಯೂಟ್ ಮಾಡಿ. ರಾತ್ರಿ ಹನ್ನೊಂದಕ್ಕೆ ಬರೆದ ಮೇಲ್ ಬೆಳಗ್ಗೆ ಓದಿ ಕಳಿಸಿ. ನಾನು ಹೀಗೆ ಉಳಿಸಿಟ್ಟ ಮೇಲ್‌ಗಳಲ್ಲಿ ನಿಜಕ್ಕೂ ಕಳಿಸಿದ್ದು ಕೈಬೆರಳೆಣಿಕೆಯಷ್ಟು.

ಪ್ರಾಣಾಯಾಮ, ಧ್ಯಾನ ಉಪಯೋಗವೇ?

ಹೌದು, ಅತಿ ನಿರೀಕ್ಷೆ ಬೇಡ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಹಾಗಾಗಿ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಐದಾರು ಸಲ ಉಸಿರು ಬಿಟ್ಟರೆ ದೇಹದ ಬಿಗಿ ಇಳಿಯುತ್ತದೆ. ಕಾಲ್‌ಗೆ ಮುಂಚಿನ ಎರಡು ನಿಮಿಷಕ್ಕೆ ಸಾಕು.

ಬರ್ನ್‌ಔಟ್ ಮತ್ತು ಖಿನ್ನತೆ ಒಂದೇನಾ? ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಕರೆದಿದೆ. ಲಕ್ಷಣ ಮೂರು: ಬಸವಳಿಕೆ, ಕೆಲಸದ ಬಗ್ಗೆ ತಾತ್ಸಾರ, ನನ್ನಿಂದೇನೂ ಆಗುತ್ತಿಲ್ಲ ಎಂಬ ಅನಿಸಿಕೆ. ಅದು ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಖಿನ್ನತೆ ಕೆಲಸದ ಗಡಿ ದಾಟಿ ಬದುಕಿಗೆಲ್ಲ ಹಬ್ಬುತ್ತದೆ: ಮಗು ನಕ್ಕರೂ, ಇಷ್ಟದ ಪಲ್ಯ ಬಡಿಸಿದರೂ ಏನೂ ಅನ್ನಿಸುವುದಿಲ್ಲ. ಇಂಥದ್ದು ಎರಡು ವಾರ ಬಿಡದೆ ಇದ್ದರೆ ಡಾಕ್ಟರನ್ನು ಕಾಣಿ. ಸಾಯಬೇಕೆನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಇವತ್ತೇ.

ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಕೈಗೆಟುಕುವ ದೂರದಲ್ಲಿದೆ. ‘ನಿಮ್ಹಾನ್ಸ್‌ಗೆ ಹೋಗ್ತಾನಂತೆ’ ಅನ್ನುವ ಕುಹಕ ಹಳೆಯದಾಯಿತು, ಅದಕ್ಕೆ ಹೆದರಬೇಡಿ. ಅಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಆಫೀಸಿನಲ್ಲಿ ಹೇಳಿಕೊಂಡರೆ ಕೆಲಸಕ್ಕೆ ಕುತ್ತು ಬರುವುದಿಲ್ಲವೇ?

ಬರುವುದೇ ಇಲ್ಲ ಅಂತ ಆಣೆ ಮಾಡಿ ಹೇಳಲಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು ಅನ್ನುತ್ತದೆ, ವಿಮೆಯಲ್ಲಿ ದೇಹದ ಕಾಯಿಲೆಗೆ ಸಮಾನವಾಗಿ ಮನಸ್ಸಿನ ಕಾಯಿಲೆಯನ್ನೂ ಪರಿಗಣಿಸಬೇಕು ಅನ್ನುತ್ತದೆ. ಕಾನೂನು ಇಷ್ಟು, ಕಾರಿಡಾರಿನ ಪಿಸುಮಾತು ಬೇರೆ. ನನ್ನ ಸಲಹೆ: ರೋಗದ ಹೆಸರು ಹೇಳುವ ಅಗತ್ಯವಿಲ್ಲ, ಬೇಕಾದ ಅನುಕೂಲ ಕೇಳಿ. “ಮುಂದಿನ ಒಂದು ತಿಂಗಳು ಸಂಜೆ ಏಳರ ನಂತರದ ಕಾಲ್ ಬೇಡ” ಅನ್ನಲು ಯಾವ ಸರ್ಟಿಫಿಕೇಟೂ ಬೇಡ.

ನಾನು ಟೀಮ್ ಲೀಡ್. ಒಂದೇ ಒಂದು ಕೆಲಸ ಮಾಡು ಅಂದರೆ ಏನು ಮಾಡಲಿ?

ಸೋಮವಾರ ಒಬ್ಬೊಬ್ಬರಿಗೂ ಫೋನ್ ಮಾಡಿ, ವಿಡಿಯೊ ಬೇಡ, “ಈ ವಾರ ನಿನ್ನ ಕೆಲಸಕ್ಕೆ ಅಡ್ಡ ಬರೋದು ಏನಿದೆ?” ಅಂತ ಕೇಳಿ. “ಟೆನ್ಷನ್” ಅಂದರೆ ಅಲ್ಲಿಗೆ ಬಿಡಬೇಡಿ, “ಎಂಥ ಟೆನ್ಷನ್ನು?” ಅನ್ನಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಶುಕ್ರವಾರದೊಳಗೆ ಸರಿಮಾಡಿ. ಸರಿಮಾಡಲು ಆಗದಿದ್ದರೆ ಆಗಲಿಲ್ಲ ಅಂತ ತಿಳಿಸಿ. ಮೊದಲ ಮೂರು ವಾರ ಎಲ್ಲರೂ “ಏನಿಲ್ಲ ಸರ್, ಎಲ್ಲ ಓಕೆ” ಅನ್ನುತ್ತಾರೆ. ನಾಲ್ಕನೇ ವಾರ ಒಬ್ಬರು ಬಾಯಿಬಿಡುತ್ತಾರೆ.

ಮನೆಯಲ್ಲಿದ್ದೇನೆ ಅಂದರೆ ಬಿಡುವಾಗಿದ್ದೇನೆ ಅಂದುಕೊಳ್ಳುತ್ತಾರೆ ಅತ್ತೆ. ಇದಕ್ಕೇನು ಮಾಡಲಿ?

ತರಬೇತಿಗೆ ಬಂದ ಹೆಂಗಸರಲ್ಲಿ ಹತ್ತಕ್ಕೆ ಏಳೆಂಟು ಜನ ಇದನ್ನು ಕೇಳಿದ್ದಾರೆ, ಗಂಡಸರು ಒಬ್ಬರೂ ಕೇಳಿಲ್ಲ. ರಾಜಾಜಿನಗರದ ಒಬ್ಬರು ಕಂಡುಕೊಂಡ ಉಪಾಯ ಇದು. ಅವರು ಅತ್ತೆಯನ್ನು ಒಂದು ಮಧ್ಯಾಹ್ನ ಪಕ್ಕದಲ್ಲೇ ಕೂರಿಸಿಕೊಂಡು ಕಾಲ್ ಕೇಳಿಸಿದರು. ಅತ್ತೆಗೆ ಇಂಗ್ಲಿಷ್ ಬರದು, ಆದರೆ ಆ ಕಡೆಯವರ ದನಿ ಏರಿದ್ದು ತಿಳಿಯಿತು. ಕಾಲ್ ಮುಗಿದ ಮೇಲೆ, “ಯಾರೇ ಅವನು, ನಿನ್ನ ಹಂಗೆ ಗದರ್ಸೋನು?” ಅಂತ ಕೇಳಿದರಂತೆ. ಮಾರನೇ ದಿನದಿಂದ ಕುರ್ಚಿಗೆ ಕೆಂಪು ಟವೆಲ್ ಹಾಕಿದ್ದರೆ ಕಾಲ್ ನಡೆಯುತ್ತಿದೆ ಅಂತ ಲೆಕ್ಕ. ಹಾಲಿನವನು ಬಂದರೂ ಅತ್ತೆಯೇ ಬಾಗಿಲು ತೆಗೆಯುತ್ತಿದ್ದರು.